ಮರಿಸ್ವಾಮಿಯ ಬೇರುಬಂಧು

"ಭಾವ, ಇನ್ಮೇಲೆ ನೀವು ಮಕ್ಳಿಗೆ ಪಾಠ ಹೇಳೋದೇ ಬೇಡ. ಗಿಡಗಳೇ ಹೇಳ್ಕೊಡ್ತವೆ!"

ನನ್ನ ಭಾವಮೈದ ಮರಿಸ್ವಾಮಿ ಹೀಗೆಂದು ಘೋಷಿಸಿ, ಸೀಬೆ ಮರದ ಕೆಳಗೆ ಸ್ಟೂಲಿನ ಮೇಲೆ ಹೊದಿಸಿಟ್ಟಿದ್ದ ಟವೆಲನ್ನು ಸರ್ರನೆ ಎಳೆದ. ನಾನು ಎರಡು ಹೆಜ್ಜೆ ಹಿಂದಕ್ಕೆ ಹೋದೆ. ಅವನು ಟವೆಲು ಎಳೆದಾಗಲೆಲ್ಲ ನಾನು ಹಿಂದಕ್ಕೆ ಹೋಗುತ್ತೇನೆ. ಹೋದ ವರ್ಷ ಇದೇ ಟವೆಲಿನ ಕೆಳಗಿನಿಂದ ಹೊರಬಂದ ಸೊಳ್ಳೆ ಓಡಿಸುವ ಯಂತ್ರ, ಕಪಿಲಾ ನದಿಯ ದಡದಲ್ಲಿದ್ದ ಸೊಳ್ಳೆಗಳನ್ನೆಲ್ಲ ನಂಜನಗೂಡಿನ ನಮ್ಮ ಒಂದೇ ಬೀದಿಗೆ ಕರೆತಂದಿತ್ತು. ಅದಕ್ಕೂ ಹಿಂದಿನದು ರೊಟ್ಟಿ ತಟ್ಟುವ ಯಂತ್ರ. ಆ ರೊಟ್ಟಿಗಳಲ್ಲಿ ಎರಡು ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿವೆ.

ನಾನು ಹುಟ್ಟಾ ಪುಕ್ಕಲ. ಇದನ್ನು ಮುಚ್ಚಿಡುವುದಿಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸಸಿ ಬೆಳೆಸಿಕೊಂಡಿದ್ದೆನಾದರೂ ಒಂದು ದಿನವೂ ಎಳೆ ಸಸಿಯನ್ನು ಹೆದರದೆ ಮುಟ್ಟಿದವನಲ್ಲ. ನಿವೃತ್ತಿಯಾದ ಮೇಲೆ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಪ್ರತಿ ಭಾನುವಾರ ಬೀದಿಯ ಆರು ಮಕ್ಕಳಿಗೆ ಹಣ್ಣು ತರಕಾರಿ ಬೆಳೆಯುವುದನ್ನು ಕಲಿಸುತ್ತಿದ್ದೆ. ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು ಮಾನ್ಯ. ಹತ್ತು ವರ್ಷ. ನನ್ನ ಮಗಳು ಅಳಿಯ ಇಬ್ಬರೂ ಗುಂಡ್ಲುಪೇಟೆಯಲ್ಲಿ ಕೆಲಸದಲ್ಲಿರುವುದರಿಂದ ಅವಳು ಓದುವುದಕ್ಕೆ ನಮ್ಮ ಮನೆಯಲ್ಲೇ ಇದ್ದಾಳೆ.

ಪಾಠದ ಕತೆ ಹೇಳುವಂತಿರಲಿಲ್ಲ. ಭಾನುವಾರ ಮಕ್ಕಳು ಕುಣಿದಾಡಿ ಬೀಜ ಹಾಕುತ್ತಿದ್ದರು. ಬುಧವಾರದ ಹೊತ್ತಿಗೆ ಮರೆಯುತ್ತಿದ್ದರು. ಮುಂದಿನ ಭಾನುವಾರ ಒಣಗಿದ ಮೊಳಕೆ ನೋಡಿ, "ತಾತ, ನಿಮ್ಮ ಬೀಜ ಸರಿ ಇಲ್ಲ" ಅನ್ನುತ್ತಿದ್ದರು. ಇದನ್ನೆಲ್ಲ ಮರಿಸ್ವಾಮಿ ನಮ್ಮ ತಾರಸಿಯ ಮೇಲಿನ ತನ್ನ ವರ್ಕ್‌ಶಾಪಿನ ಕಿಟಕಿಯಿಂದ ನೋಡುತ್ತಿದ್ದ. ಅದೇ ತಪ್ಪಾಯಿತು.

ಸ್ಟೂಲಿನ ಮೇಲೆ ತಾಮ್ರದ ತಂತಿ ಸುತ್ತಿದ ಏಳು ಸಣ್ಣ ಗೂಟಗಳೂ, ಗಡಿಯಾರದ ಪಟ್ಟಿಯಂಥ ಏಳು ಕಪ್ಪು ಪಟ್ಟಿಗಳೂ ಇದ್ದವು.

"ಇದರ ಹೆಸರು ಬೇರುಬಂಧು! ಗೂಟ ಗಿಡದ ಬುಡಕ್ಕೆ, ಪಟ್ಟಿ ಮಗೀನ ಕೈಗೆ. ಗಿಡಕ್ಕೆ ಬಾಯಾರಿದ್ರೆ ಮಗೀಗೂ ಬಾಯಾರ್ತದೆ. ಗಿಡಕ್ಕೆ ನೀರು ಹಾಕೋಗಂಟ ಇವ್ರು ಎಷ್ಟು ಕುಡುದ್ರೂ ದಾಹ ಹೋಗಕಿಲ್ಲ. ಒಂದು ಸಲ ಬೇರಿನ ಗುರುತು ಹಿಡೀತು ಅಂದ್ರೆ ಗೂಟ ಕಿತ್ತು ಬಿಸಾಕಿದ್ರೂ ಬುಡಕಿಲ್ಲ ಭಾವ, ಎಷ್ಟು ದೂರ ಇದ್ರೂ ಕೆಲಸ ಮಾಡ್ತದೆ!"

"ಪಟ್ಟಿ ಬಿಚ್ಚೋದು ಹೇಗೆ?" ನನ್ನ ಮೊದಲ ಪ್ರಶ್ನೆ ಯಾವಾಗಲೂ ಇಂಥದ್ದೇ.

"ಬಿಚ್ಚೋ ಹಂಗಿದ್ರೆ ಮಕ್ಳು ಬುಧವಾರಕ್ಕೇ ಬಿಚ್ಚಾಕಕಿಲ್ವಾ? ಫಸಲು ಮುಗಿದು ಗಿಡ ಒಣಗಿದ ಮೇಲೆ ಅದೇ ಟಕ್ ಅಂತ ಬಿಟ್ಕೊತದೆ."

"ಗಿಡಕ್ಕೆ ಬಾಯಾರಿದ್ರೆ ಮಗೂಗೂ ಬಾಯಾರುತ್ತೆ ಅಂದೆಯಲ್ಲ. ಹಾಗಾದ್ರೆ ಗಿಡ ಒಣಗಿದಾಗ ಮಗೂಗೆ ಏನಾಗುತ್ತೆ ಮರಿಸ್ವಾಮಿ?"

ಅವನು ಸ್ಕ್ರೂ ಡ್ರೈವರಿನಿಂದ ತಲೆ ಕೆರೆದುಕೊಂಡ. "ನಿಮ್ದು ಯಾವಾಗ್ಲೂ ಇದೇ ರಾಗ! ಮೊದ್ಲು ಮೊಳಕೆ ಏಳ್ಲಿ ಬುಡಿ. ಒಣಗೋದ್ನ ಆಮೇಲೆ ನೋಡ್ಕಂಡ್ರಾಯ್ತು."

"ಆಮೇಲೆ ನೋಡ್ಕೊಳ್ಳೋದಾ? ಮೊದಲು ಬಿಚ್ಚೋ ದಾರಿ ಮಾಡು, ಆಮೇಲೆ ಮಕ್ಕಳ ಕೈಗೆ..."

ಟಕ್, ಟಕ್, ಟಕ್, ಟಕ್, ಟಕ್, ಟಕ್! ನಾವಿಬ್ಬರೂ ಜಗಳವಾಡುತ್ತಿರುವಾಗಲೇ ಆರು ಮಕ್ಕಳೂ ಪಟ್ಟಿ ಕಟ್ಟಿಕೊಂಡಾಗಿತ್ತು. ಮೊದಲು ಕಟ್ಟಿಕೊಂಡವಳು ಮಾನ್ಯ. "ತಾತ, ನಂದು ಪಡವಲ!" ಎಂದು ಕೈ ಎತ್ತಿ ತೋರಿಸಿದಳು. ನಾನು ಅಲ್ಲೇ ಪಾತಿಯ ಏರಿಯ ಮೇಲೆ ಕುಳಿತುಬಿಟ್ಟೆ.

ಏಳನೆಯ ಪಟ್ಟಿಯನ್ನು ಮರಿಸ್ವಾಮಿ ತಾನೇ ಕಟ್ಟಿಕೊಂಡು, ಬಾವಿಯ ಪಕ್ಕ ಹೋದ ವರ್ಷ ನೆಟ್ಟಿದ್ದ ರಸಬಾಳೆಯ ಬುಡಕ್ಕೆ ಗೂಟ ಬಡಿದ. "ನಮ್ಮೂರಿನ ಹೆಮ್ಮೆ ಭಾವ, ರಸಬಾಳೆ! ಕಟ್ಟಿಕೊಂಡ್ರೆ ಇಂಥಾದ್ದಕ್ಕೇ ಕಟ್ಕೊಬೇಕು" ಎಂದ.

ಮೊದಲ ಮೂರು ವಾರ ನಾನು ಹೆದರಿದ್ದೇ ಸುಳ್ಳೇನೋ ಅನ್ನಿಸಿತು. ಬೆಳಗ್ಗೆ ಆರೂವರೆಗೆ ಮಕ್ಕಳು ಬಾಯಿ ಒಣಗಿಸಿಕೊಂಡು ಓಡಿಬರುತ್ತಿದ್ದರು. ಚೊಂಬಿನಲ್ಲಿ ನೀರು ಹೊಯ್ದ ಕೂಡಲೇ "ಹಾ..." ಎಂದು ಆರೂ ಜನ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಕಳೆ ಬೆಳೆದರೆ ಉಸಿರುಗಟ್ಟಿದ ಹಾಗಾಗುತ್ತದೆಂದು ತಾವೇ ಕಿತ್ತರು. ಎರೆಗೊಬ್ಬರ ಹಾಕಿದ ದಿನ ಆರೂ ಮಕ್ಕಳು ಮನೆಯಲ್ಲಿ ಊಟವೇ ಬೇಡವೆಂದು ತೇಗಿದರು. ಅಷ್ಟೂ ಭಾನುವಾರಗಳಲ್ಲಿ ನಾನು ಕಲಿಸಲಾಗದ್ದನ್ನು ಮೂರು ವಾರದಲ್ಲಿ ಕಲಿತಿದ್ದರು. ಮರಿಸ್ವಾಮಿ ಕೈ ಹಿಂದೆ ಕಟ್ಟಿಕೊಂಡು ಪಾತಿಗಳ ನಡುವೆ ಓಡಾಡುತ್ತಿದ್ದ. ನನ್ನನ್ನು ಕಂಡರೆ ಸುಮ್ಮನೆ ಹುಬ್ಬು ಹಾರಿಸುತ್ತಿದ್ದ.

ನಾಲ್ಕನೆಯ ವಾರ ಶಾಲೆಯಿಂದ ಫೋನು ಬಂತು.

"ಸಾರ್, ನಿಮ್ಮ ಮೊಮ್ಮಗಳು ಬೋರ್ಡು ನೋಡ್ತಾ ಇಲ್ಲ. ಬೆಳಗ್ಗೆ ಎಡಗಡೆ ಕಿಟಕಿ ಕಡೆ ತಿರುಗಿರ್ತಾಳೆ, ಸಾಯಂಕಾಲದ ಹೊತ್ತಿಗೆ ಬಲಗಡೆ ಬಾಗಿಲ ಕಡೆ. ನಿಮ್ಮ ಬೀದಿಯ ಉಳಿದ ಐದು ಮಕ್ಕಳೂ ಹೀಗೇ ಮಾಡ್ತಿದ್ದಾರೆ. ಮಧ್ಯಾಹ್ನ ಹನ್ನೆರಡಾದ್ರೆ ಆರೂ ಜನ ಬೆಂಚಿನ ಮೇಲೆ ಬಾಡಿ ಬೀಳ್ತಾರೆ. ಮನೇಲಿ ಏನ್ ಸಾರ್ ಕೊಡ್ತಿದ್ದೀರಿ?" ಎಂದರು ಮುಖ್ಯೋಪಾಧ್ಯಾಯಿನಿ.

"ಬಿಸಿಲಿಗೆ ಮೇಡಂ" ಎಂದೆ. ಸುಳ್ಳಂತೂ ಅಲ್ಲ. ಅಂದೇ ಪಾತಿಗಳ ಮೇಲೆ ನನ್ನ ಹೆಂಡತಿ ಕೆಂಪಾಜಮ್ಮನ ಹಳೆಯ ಸೀರೆಗಳನ್ನು ಚಪ್ಪರದಂತೆ ಕಟ್ಟಿ ನೆರಳು ಮಾಡಿದೆ. "ಇನ್ನೂ ಉಡೋ ಸೀರೆ ಕಣ್ರೀ ಅದು!" ಎಂದು ಅವಳು ಕೂಗಿದಳು. ಆದರೆ ಮಾನ್ಯ ಮಾರನೆಯ ದಿನ ಬಾಡದೆ ಮನೆಗೆ ಬಂದದ್ದನ್ನು ಕಂಡು ಇನ್ನೊಂದು ಸೀರೆ ತಂದು ಕೊಟ್ಟಳು.

ಅಲ್ಲಿಂದ ನನಗೆ ನಿದ್ದೆ ಇಲ್ಲ. ತೋಟ ಅಂದರೆ ಏನೇನು ಆಗಬಹುದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೂದಿ ರೋಗ, ಎಲೆ ಮುದುರು ರೋಗ, ಕಾಂಡ ಕೊಳೆ, ಬಸವನ ಹುಳು! ಮೊದಲಾದರೆ ಇವೆಲ್ಲ ಬರೀ ಗಿಡದ ಕಾಟಗಳು. ಈಗ ಒಂದೊಂದು ಹೆಸರು ನೆನಪಾದಾಗಲೂ ಮಾನ್ಯಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಕೋಳಿಯೊಂದು ಸೈಟಿನೊಳಗೆ ಬಂದರೆ ಪೊರಕೆ ಹಿಡಿದು ಕಿರುಚಿಕೊಂಡು ಓಡುತ್ತಿದ್ದೆ.

ಒಂದು ಬೆಳಗ್ಗೆ ಪಕ್ಕದ ಮನೆಯ ಫಯಾಜ್ ಹೊಟ್ಟೆ ಹಿಡಿದುಕೊಂಡು ಬಂದ. ಅವನದು ಬದನೆ.

"ತಾತ, ಹೊಟ್ಟೆ ಒಳಗೆ ಯಾರೋ ಸುರಂಗ ಕೊರೀತಾವ್ರೆ!"

ಓಡಿಹೋಗಿ ನೋಡಿದೆ. ಸರಿಯಾಗಿಯೇ ಹೇಳಿದ್ದ. ಕಾಯಿಕೊರಕ ಹುಳು! ತೂತು ಬಿದ್ದ ಕಾಯಿಯನ್ನು ಕೀಳಲು ಕೈ ಚಾಚಿದವನು ಹಾಗೇ ನಿಂತೆ. ಕಿತ್ತರೆ ಹುಡುಗನಿಗೆ ಏನಾಗುತ್ತದೋ! ಕೊನೆಗೆ ಕಾಯಿಯನ್ನು ಗಿಡದಲ್ಲೇ ಬಿಟ್ಟು, ಕೆಂಪಾಜಮ್ಮನ ಕಸೂತಿ ಸೂಜಿಯಿಂದ ಒಂದು ಗಂಟೆ ಕಷ್ಟಪಟ್ಟು ಹುಳುವನ್ನು ಹೊರಗೆಳೆದೆ. ಅಷ್ಟೂ ಹೊತ್ತು ಫಯಾಜ್ ಪಕ್ಕದಲ್ಲಿ ನಿಂತು, "ಇನ್ನೂ ಸ್ವಲ್ಪ ಎಡಕ್ಕೆ ತಾತ... ಹಾಂ, ಅಲ್ಲೇ" ಎಂದು ದಾರಿ ಹೇಳುತ್ತಿದ್ದ. ಉಳಿದ ಗಿಡಗಳಿಗೆ ಬರದಿರಲಿ ಎಂದು ಬೇವಿನೆಣ್ಣೆ ಸಿಂಪಡಿಸಿದೆ. ಆ ದಿನ ಬೀದಿಯ ಆರು ಮನೆಗಳಲ್ಲೂ ಮಕ್ಕಳು ಪಾಯಸವನ್ನು ಕಹಿ ಎಂದು ಉಗುಳಿದರಂತೆ.

ಆದರೆ ನಿಜವಾದ ತಪ್ಪು ಮಾಡಿದವನು ನಾನೇ.

ಮಾನ್ಯಳ ಪಡವಲ ಬಳ್ಳಿ ಬಿದಿರಿನ ಚಪ್ಪರಕ್ಕೆ ಹಬ್ಬಿ ಎಳೆಗಾಯಿ ಬಿಟ್ಟಿತ್ತು. ಪಡವಲಕಾಯಿ ಎಳೆಯದಾಗಿರುವಾಗ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ ಇಳಿಬಿಡಬೇಕು, ಇಲ್ಲದಿದ್ದರೆ ಹಾವಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ನನ್ನ ಕೈಗೆ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ ಯೋಚಿಸುವುದೂ ಬೇಡ. ಪೇಪರು ಓದಿದೆ, ಕಾಫಿ ಕುಡಿದೆ, ಚಪ್ಪರದ ಕೆಳಗೆ ಹೋಗಿ ನಾಲ್ಕು ಕಾಯಿಗೆ ನಾಲ್ಕು ಕಲ್ಲು ಕಟ್ಟಿದೆ. ಗಂಟು ಬಿಗಿದೆ.

ಒಳಗಿನಿಂದ ಚೀರಾಟ ಕೇಳಿಸಿತು.

"ಅಜ್ಜೀ! ಯಾರೋ ನನ್ನ ಕೈಕಾಲು ಹಿಡಿದು ಕೆಳಕ್ಕೆ ಎಳೀತಿದ್ದಾರೆ!"

ಓಡಿದೆ. ಮಾನ್ಯ ಅಡುಗೆಮನೆಯ ನಡುವೆ ಕಂಬದಂತೆ ನೆಟ್ಟಗೆ ನಿಂತಿದ್ದಳು. ಬಗ್ಗಲಾಗುತ್ತಿಲ್ಲ, ಕೂರಲಾಗುತ್ತಿಲ್ಲ. ಕೆಂಪಾಜಮ್ಮ ಅವಳನ್ನು ತಬ್ಬಿಕೊಂಡು ನನ್ನತ್ತ ನೋಡಿದಳು.

"ಏನ್ ಮಾಡುದ್ರೀ ನೀವು?"

"ಕಲ್ಲು... ಕಲ್ಲು ಕಟ್ಟಿದೆ."

"ಮಗೀಗೆ ಕಲ್ಲು ಕಟ್ಟುದ್ರಾ!"

ಚಪ್ಪಲಿಯಿಲ್ಲದೆ ಹಿಂದಕ್ಕೆ ಓಡಿ ಗಂಟು ಬಿಚ್ಚಲು ಹೋದರೆ ಬಿಚ್ಚಿಕೊಳ್ಳದು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಬಿಚ್ಚಿದ ಮೇಲೆ ಅವಳು ಸರಿಹೋದಳು. ಮರಿಸ್ವಾಮಿ ಬಂದು ಅವಳನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು, "ಭಾವ! ಒಂದಿಂಚು ಉದ್ದ ಆಗವ್ಳೆ!" ಎಂದು ಕುಣಿದ. ಕೆಂಪಾಜಮ್ಮ ತಮ್ಮನ ಬೆನ್ನಿಗೆ ಸೌಟಿನಿಂದ ಒಂದು ಕೊಟ್ಟಳು.

"ಬಿಚ್ಚುಲಾ ಅದ್ನ! ಈಗ್ಲೇ ಬಿಚ್ಚು!"

ಮರಿಸ್ವಾಮಿ ಇಕ್ಕಳ ತಂದ. ಪಟ್ಟಿಯ ಅಂಚನ್ನು ಹಿಡಿದು ಸ್ವಲ್ಪ ಒತ್ತಿದನೋ ಇಲ್ಲವೋ, ಹೊರಗೆ ಪಡವಲ ಬಳ್ಳಿಯ ಎಲೆಗಳೆಲ್ಲ ಒಟ್ಟಿಗೆ ಮುದುರಿದವು. ಒಳಗೆ ಮಾನ್ಯಳ ಮುಖ ಬಿಳಿಚಿಕೊಂಡಿತು. ಅವನು ಇಕ್ಕಳ ಕೆಳಗೆ ಹಾಕಿದ. ಅದುವರೆಗೆ ಅವನು ಹೆದರಿದ್ದನ್ನು ನಾನು ನೋಡಿರಲಿಲ್ಲ. ನನ್ನಂಥವನಿಗೆ ಮನೆಯಲ್ಲಿ ಹೆದರದ ಒಬ್ಬ ಮನುಷ್ಯನಾದರೂ ಇರಬೇಕಾಗುತ್ತದೆ. ಆ ಒಬ್ಬನೂ ಹೋದ ಮೇಲೆ ನಾನು ನಿಜವಾಗಿ ಹೆದರಿದೆ.

"ಕತ್ತರಿಸಬಾರ್ದು ಭಾವ," ಎಂದ ಮೆಲ್ಲಗೆ. "ಹೊಲಿಗೆ ಎರಡೂ ಕಡೆಯಿಂದ ಬಿದ್ದದೆ. ಇವ್ಳಿಗೆ ಆದದ್ದು ಬಳ್ಳಿಗೂ ಆಯ್ತದೆ."

"ಹಾಗಾದ್ರೆ ಕಾಯಿ ಕೀಳೋದು ಹೇಗೆ?"

ಈ ಸಲ ಅವನು ಸ್ಕ್ರೂ ಡ್ರೈವರಿನಿಂದ ತಲೆ ಕೂಡ ಕೆರೆದುಕೊಳ್ಳಲಿಲ್ಲ.

ಮುಂದಿನ ಹತ್ತು ದಿನ ನಾವಿಬ್ಬರೂ ಚಪ್ಪರದ ಕೆಳಗೆ ಕಾವಲು ಕುಳಿತೆವು. ಪಡವಲಕಾಯಿಗಳು ಮೊಣಕೈಯುದ್ದ ಆದವು, ತೋಳುದ್ದ ಆದವು. ಕೊಯ್ಯುವ ಹದ ಬಂತು, ದಾಟಿತು. ಕೊಯ್ದರೆ ಬಳ್ಳಿಗೆ ಗಾಯ, ಅಂದರೆ ಮಗುವಿಗೆ ಗಾಯ. ಕೊಯ್ಯದೆ ಬಿಟ್ಟರೆ? ಪಡವಲ ಹಣ್ಣಾದರೆ ಕಿತ್ತಳೆ ಬಣ್ಣಕ್ಕೆ ತಿರುಗಿ ತುದಿಯಿಂದ ಸೀಳಿ ಒಡೆಯುತ್ತದೆ! ಹಾಗೆ ಒಡೆದು ಬಿದ್ದ ಹಣ್ಣುಗಳನ್ನು ನಾನು ಸಾವಿರ ಸಲ ನೋಡಿದ್ದೇನೆ. ಅದನ್ನು ನೆನೆಸಿಕೊಂಡಾಗಲೆಲ್ಲ ಎದ್ದು ಹೋಗಿ ಮಾನ್ಯಳನ್ನು ನೋಡಿ ಬರುತ್ತಿದ್ದೆ.

"ಮೊದ್ಲು ನಿನ್ನ ಬಾಳೆಗೊನೆ ಕಡಿದು ನೋಡೋಣ," ಎಂದೆ ಒಂದು ಬೆಳಗ್ಗೆ, ಮಚ್ಚು ಹಿಡಿದುಕೊಂಡು. "ಗೊನೆ ಬಲಿತಿದೆ. ನೀನು ದೊಡ್ಡವನು, ತಡ್ಕೋತೀಯ."

"ಬಾಳೆ ಅಂದ್ರೆ ಕಾಯಿ ಕಿತ್ತಂಗಲ್ಲ ಭಾವ! ಗೊನೆ ಕಡುದ್ರೆ ಮರಾನೂ ಕಡೀಬೇಕು!"

"ಅದಕ್ಕೇ ಹೇಳಿದ್ದು, ನೀನು ದೊಡ್ಡವನು ಅಂತ."

"ಅಕ್ಕಾ! ಭಾವ ನನ್ನ ಕೊಲ್ತಾರೆ!"

ಐವತ್ತನಾಲ್ಕು ವರ್ಷದ ಗಂಡಸು ಬಾವಿಯನ್ನು ಸುತ್ತಿ ಓಡಿದ. ಅರವತ್ತಾರರ ನಾನು ಮಚ್ಚು ಹಿಡಿದು ಹಿಂದೆ ಓಡಿದೆ. ಮೂರು ಸುತ್ತಾದ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಎದುರು ಬದುರು ನಿಂತೆವು. ಕಡಿಯಲು ನನಗೆ ಧೈರ್ಯವಿಲ್ಲ, ಕಡಿಸಿಕೊಳ್ಳಲು ಅವನಿಗೆ ಧೈರ್ಯವಿಲ್ಲ.

ಆಗ ಚಪ್ಪರದ ಕಡೆಯಿಂದ ಮಾನ್ಯಳ ದನಿ ಬಂತು. "ತಾತ, ತುಂಬಾ ಭಾರ ಆಗ್ತಿದೆ. ನಾನು ಕಿತ್ಕೋತೀನಿ."

ತಿರುಗಿ ನೋಡಿದೆ. ಶಾಲೆಯ ಸಮವಸ್ತ್ರದಲ್ಲಿ, ಎರಡು ಜಡೆ ಹಾಕಿಕೊಂಡು, ಕುರ್ಚಿಯ ಮೇಲೆ ಹತ್ತಿ ಎಲ್ಲಕ್ಕಿಂತ ಉದ್ದದ ಕಾಯಿಯ ತೊಟ್ಟು ಹಿಡಿದಿದ್ದಳು.

"ಬೇಡ ಮಗೂ! ಮುಟ್ಟಬೇಡ!" ನನ್ನ ಗಂಟಲಿನಿಂದ ಅಷ್ಟು ದೊಡ್ಡ ಕೂಗು ಬಂದದ್ದು ಅದೇ ಮೊದಲು. ಮಚ್ಚು ಎಸೆದು ಓಡಿದೆ. ಬೆಂಡೆ ಪಾತಿಯಲ್ಲಿ ಎಡವಿ ಬಿದ್ದೆ. ಬಿದ್ದಲ್ಲಿಂದಲೇ ಕೈ ಚಾಚಿದೆ.

ಪಟ್ ಎಂದು ತೊಟ್ಟು ಮುರಿಯಿತು.

ನಾನು ಕಣ್ಣು ಮುಚ್ಚಿಕೊಂಡೆ. ಅವಳ ಅಮ್ಮನಿಗೆ ಏನು ಹೇಳಲಿ, ಯಾವ ಬಾಯಲ್ಲಿ ಹೇಳಲಿ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಮಣ್ಣಿನ ವಾಸನೆ ಮೂಗಿಗೆ ಹೊಡೆಯಿತು.

ಆಮೇಲೆ ಕಿಲಕಿಲ ಎಂಬ ನಗು ಕೇಳಿಸಿತು.

ಕಣ್ಣು ಬಿಟ್ಟರೆ, ಮಾನ್ಯ ಕಾಯಿಯನ್ನು ಎದೆಗೆ ಅವುಚಿಕೊಂಡು ಕುರ್ಚಿಯ ಮೇಲೆ ನಿಂತು ನಗುತ್ತಿದ್ದಳು. "ತಾತ, ಕಚಗುಳಿ! ಇನ್ನೊಂದು ಕೀಳ್ಲಾ?" ಎಂದವಳೇ ಇನ್ನೊಂದನ್ನು ಕಿತ್ತಳು. ಮತ್ತೆ ನಗು. "ಬ್ಯಾಗ್ ಕೆಳಗಿಟ್ಟ ಹಾಗಾಗುತ್ತೆ ತಾತ. ಬಳ್ಳಿಗೆ ಕಾಯಿ ಕೊಡೋದಂದ್ರೆ ಇಷ್ಟ."

"ಮೊದ್ಲೇ ಹೇಳಬಾರದಿತ್ತಾ?"

"ನೀವು ಕೇಳ್ಲೇ ಇಲ್ವಲ್ಲ. ನೀವೂ ಮರಿ ತಾತನೂ ಬರೀ ಜಗಳ ಆಡ್ತಿದ್ರಿ."

ನಿಜ. ಹತ್ತು ದಿನ ಇಬ್ಬರು ಮುದುಕರು ಕಾವಲು ಕುಳಿತಿದ್ದೆವು. ಬಳ್ಳಿಗೆ ಹೇಗನ್ನಿಸುತ್ತಿದೆ ಎಂದು ಗೊತ್ತಿದ್ದ ಒಬ್ಬಳನ್ನು ಇಬ್ಬರೂ ಕೇಳಿರಲಿಲ್ಲ. ನಾನು ಬಿದ್ದಲ್ಲೇ ಕುಳಿತು ಅತ್ತುಬಿಟ್ಟೆ.

ಅರ್ಧ ಗಂಟೆಯಲ್ಲಿ ಉಳಿದ ಐದು ಮಕ್ಕಳೂ ಬಂದು ಸೈಟು ತುಂಬ ನಗೆಯ ಗದ್ದಲ. ಫಯಾಜ್ ಒಂದೊಂದು ಬದನೆಗೂ ನೆಲದ ಮೇಲೆ ಹೊರಳಾಡಿದ. ಬೆಂಡೆಯ ಹುಡುಗಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಕೆಂಪಾಜಮ್ಮ ದೊಡ್ಡ ಪಾತ್ರೆಯಲ್ಲಿ ಎಲ್ಲ ತರಕಾರಿ ಹಾಕಿ ಹುಳಿ ಮಾಡಿದಳು. ಬದನೆ ಎಂದರೆ ಮೂಗು ಮುರಿಯುತ್ತಿದ್ದ ಫಯಾಜ್ ಎರಡು ಸಲ ಬಡಿಸಿಕೊಂಡ.

ಆದರೆ ನನ್ನ ಮೊದಲ ದಿನದ ಭಯ ಎಲ್ಲಿಗೂ ಹೋಗಿರಲಿಲ್ಲ. ಫಸಲು ಮುಗಿಯಿತು. ಬೀಜಕ್ಕೆಂದು ಬಿಟ್ಟಿದ್ದ ಒಂದು ಪಡವಲ ಹಣ್ಣಾಗಿ ಒಡೆದ ದಿನ ಮಾನ್ಯ ಒಂದರ ಹಿಂದೊಂದು ಹನ್ನೆರಡು ಸೀನು ಸೀನಿದಳು, ಅಷ್ಟೆ. ಆಮೇಲೆ ಬಳ್ಳಿ ಹಳದಿಯಾಗತೊಡಗಿತು. ನಾನು ದಿನಕ್ಕೆ ಮೂರು ಸಲ ನೀರು ಹಾಕಿದೆ, ಗೊಬ್ಬರ ಹಾಕಿದೆ, ಬುಡದ ಬಳಿ ಕುಳಿತು ಬೇಡಿಕೊಂಡೆ. ವಯಸ್ಸಾದ ಬಳ್ಳಿ ಯಾರ ಮಾತನ್ನು ಕೇಳುತ್ತದೆ?

ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿದ ಮಾನ್ಯ ದೊಡ್ಡದಾಗಿ ಆಕಳಿಸಿ, "ಅಜ್ಜಿ, ನಿದ್ದೆ ಬರ್ತಿದೆ" ಎಂದು ಚಾಪೆಯ ಮೇಲೆ ಮಲಗಿದಳು. ಹೊರಗೆ ಬಳ್ಳಿಯಲ್ಲಿ ಒಂದೇ ಒಂದು ಹಸಿರೆಲೆ ಉಳಿದಿತ್ತು. ನಾನು ಅವಳ ಪಕ್ಕ ಕುಳಿತು ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ಬೆಚ್ಚಗೆ ತಾಕಿತು. ಬೆರಳು ತೆಗೆಯಲಿಲ್ಲ. ಕೆಂಪಾಜಮ್ಮ ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡಳು. ಮರಿಸ್ವಾಮಿ ಹೊಸ್ತಿಲಲ್ಲಿ ಕುಳಿತು ಗೋಡೆಗೆ ಹಣೆ ಒತ್ತಿಕೊಂಡಿದ್ದ. "ಇವಳಿಗೇನಾದ್ರೂ ಆದ್ರೆ ಭಾವ, ಇನ್ನು ಜನ್ಮದಲ್ಲಿ ಇಕ್ಕಳ ಮುಟ್ಟಕಿಲ್ಲ" ಎಂದ. ಹತ್ತಾಯಿತು, ಹನ್ನೊಂದಾಯಿತು, ಒಂದಾಯಿತು. ನನ್ನ ತೋಳು ಮರಗಟ್ಟಿತು.

ಟಕ್!

ಪಟ್ಟಿ ಬಿಚ್ಚಿಕೊಂಡು ಚಾಪೆಯ ಮೇಲೆ ಬಿತ್ತು. ನಾನು ಉಸಿರು ಹಿಡಿದೆ. ಮಾನ್ಯ ಕಣ್ಣು ಬಿಟ್ಟಳು. ಮೂಗಿನ ಕೆಳಗಿದ್ದ ನನ್ನ ಬೆರಳನ್ನು ನೋಡಿದಳು.

"ತಾತ, ಕೈ ತೆಗೀರಿ. ಅಜ್ಜಿ, ತಿನ್ನೋಕೆ ಏನಿದೆ?"

ಕೆಂಪಾಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಮೂರು ದೋಸೆ ತಿಂದ ಮೇಲೆ ಮಾನ್ಯ ಹಿಂದಕ್ಕೆ ಹೋಗಿ, ಒಣಗಿದ ಬಳ್ಳಿಯನ್ನು ತಾನೇ ಎಳೆದು ಗೊಬ್ಬರದ ಗುಂಡಿಗೆ ಹಾಕಿ, ಬೂದಿಯಲ್ಲಿ ಕಲಸಿಟ್ಟಿದ್ದ ಬೀಜಗಳನ್ನು ಹೊಸ ಪಾತಿಯಲ್ಲಿ ಊರಿದಳು. ಪಟ್ಟಿಯಿಲ್ಲದೆ! ಬುಧವಾರ ಬೆಳಗ್ಗೆ ಚೊಂಬು ಹಿಡಿದು ಬಂದವಳನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಉಳಿದ ಐದು ಪಟ್ಟಿಗಳೂ ಆ ವಾರದಲ್ಲೇ ಬಿದ್ದವು.

ಮರಿಸ್ವಾಮಿಯದು ಬೀಳಲಿಲ್ಲ.

ಗೊನೆ ಕಡಿದಾಯಿತು. ಅವನು ಬೀದಿಗೆಲ್ಲ ಕೇಳಿಸುವಂತೆ ನಕ್ಕ. ಮರವನ್ನೂ ಕಡಿದೆವು. ಎರಡು ಗಂಟೆ ಗೊರಕೆ ಹೊಡೆದು ನಿದ್ದೆ ಮಾಡಿದ. ನಾವೆಲ್ಲ ಸುತ್ತ ಕುಳಿತು ಟಕ್ ಎನ್ನುವುದನ್ನು ಕಾದೆವು. ಎದ್ದು ಕುಳಿತವನು, "ಭಾವ, ನಂಗೆ ಮೂರು ಕಡೆ ಬಾಯಾರ್ತದೆ!" ಎಂದ. ಹೋಗಿ ನೋಡಿದರೆ ಕಡಿದ ಮರದ ಬುಡದಲ್ಲಿ ಮೂರು ಮರಿಗಂದು ಎದ್ದಿದ್ದವು. ಬಾಳೆ ಯಾವತ್ತು ಪೂರ್ತಿ ಮುಗಿದದ್ದಿದೆ? ಒಂದು ಹೋದರೆ ಅದೇ ಬೇರಿನಿಂದ ಮತ್ತೆರಡು ಏಳುತ್ತವೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಯಂತ್ರ ಮಾಡಿದವನಿಗೆ ಮಾತ್ರ ಹೊಳೆದಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಾಮರಾಜನಗರದಿಂದ ಬಂದಿದ್ದ ಕೆಂಪಾಜಮ್ಮನ ಗೆಳತಿಯೊಬ್ಬರು ರಸಬಾಳೆ ಕಂದು ಕೇಳಿದರು. ಕಂದು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೆಂಪಾಜಮ್ಮ ಯೋಚಿಸದೆ ಒಂದನ್ನು ಅಗೆದು ಗೋಣಿಯಲ್ಲಿ ಸುತ್ತಿ ಕೊಟ್ಟುಬಿಟ್ಟಳು. ಗೆಳತಿ ಹತ್ತಿದ ಬಸ್ಸು ಊರು ಮುಟ್ಟುವವರೆಗಿನ ಒಂದು ಗಂಟೆಯೂ ಮರಿಸ್ವಾಮಿ ಜಗಲಿಯ ಕಂಬ ಹಿಡಿದು ತೂರಾಡಿದ. ಈಗ ಅಲ್ಲಿ ಮಳೆ ಬಂದರೆ ಇಲ್ಲಿ ಅವನು ನಡುಗುತ್ತಾನೆ.

ಮೊನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮರಿಸ್ವಾಮಿ ಮೊದಲ ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿಬಿಟ್ಟ. ಮುಖ ಕಿವುಚಿಕೊಂಡು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದ.

"ಏನಾಯ್ತೋ?" ಎಂದಳು ಕೆಂಪಾಜಮ್ಮ.

"ಚಾಮರಾಜನಗರದೋರು ಗೊಬ್ಬರ ಹಾಕಿದ್ರು ಕಣಕ್ಕ."

ಯಾವ ಗೊಬ್ಬರ ಎಂದು ನಾನು ಕೇಳಲಿಲ್ಲ.